ಹೆಸರು ಹಿಡಿದು ಕರೆಯದವನು

ನಮ್ಮಪ್ಪ ಕೃಷ್ಣಾಜಿ ಯಾರನ್ನೂ ಹೆಸರು ಹಿಡಿದು ಕರೆದವನಲ್ಲ. ಹೆಂಡತಿಯನ್ನು ಕರೆಯದಿದ್ದರೆ ಹೋಗಲಿ, ಆ ಕಾಲದ ಗಂಡಸರೆಲ್ಲ ಹಾಗೇ. ಹೆತ್ತ ಮಗಳನ್ನೂ ಚಪ್ಪಾಳೆ ತಟ್ಟಿ ಕರೆಯುವುದೇ? ಪುಣೆಯ ಸದಾಶಿವ ಪೇಠೆಯಲ್ಲಿ ಹತ್ತಾರು ಬಿಡಾರಗಳಿದ್ದ ನಮ್ಮ ವಾಡೆಯ ಹುಡುಗಿಯರು ಅದನ್ನೇ ಹಿಡಿದು ಆಡಿಕೊಳ್ಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಎದುರಿಗೇ ಕೇಳಿದೆ, “ಅಪ್ಪಾ, ನನಗ ಹೆಸರಿಲ್ಲೇನು? ಒಮ್ಮೆ ಇಂದೂ ಅಂದ್ರ ನಾಲಿಗಿ ಸವೀತದೇನು?” ಅವನು ಟೊಪ್ಪಿಗೆ ಇಟ್ಟುಕೊಂಡು ಛಾಪಖಾನೆಗೆ ಹೊರಟುಹೋದ.

ಅಪ್ಪ ಬೆಳಗಾವಿ ಕಡೆಯವನು. ಮೊದಲನೆಯ ಮಹಾಯುದ್ಧದಲ್ಲಿ ಪಲ್ಟಣದ ಜೊತೆ ಮೆಸಪೊಟೇಮಿಯಾಕ್ಕೆ ಹೋಗಿ, ತುರ್ಕರ ಕೈಗೆ ಸೆರೆ ಸಿಕ್ಕಿ, ಹತ್ತೊಂಬತ್ತನೆಯ ಇಸವಿಯಲ್ಲಿ ಬರೀ ಎಲುಬಾಗಿ ಮರಳಿದ್ದ. ಪುಣೆಯಲ್ಲಿ ಛಾಪಖಾನೆಯ ಕೆಲಸ ಹಿಡಿದ ಮೇಲೆ ನಮ್ಮವ್ವ ಭೀಮವ್ವನನ್ನು ಮದುವೆಯಾದ. ಯುದ್ಧದ ಮಾತು ಎತ್ತಿದರೆ ಅಲ್ಲಿ ಬಿಸಿಲು ಭಾಳ ಇತ್ತು ಅನ್ನುತ್ತಿದ್ದ, ಅಷ್ಟೇ.

ಮೂವತ್ತೆಂಟರಲ್ಲಿ ನನ್ನ ಮದುವೆ. ನಮ್ಮಲ್ಲಿ ಆ ದಿನ ಗಂಡನ ಮನೆಯವರು ಸೊಸೆಗೆ ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ವರ ಉಂಗುರದಿಂದ ಅದನ್ನು ಬರೆಯುತ್ತಾನೆ. ನಮ್ಮ ಮನೆಯವರು, ಏಕನಾಥರಾಯರು, ತೀರಿಹೋದ ತಮ್ಮ ಅಜ್ಜಿಯ ಹೆಸರು ಬರೆದರು. ಅತ್ತೆ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು: ಗೋದಾ.

ಅಪ್ಪ ಬಂದವನೇ ಅಂಗೈಯಿಂದ ಅಕ್ಷರ ಅಳಿಸಿಬಿಟ್ಟ. ಅಕ್ಕಿ ನನ್ನ ಮಡಿಲಿಗೆಲ್ಲ ಚೆಲ್ಲಿತು. ಅಪಶಕುನವೆಂದು ಬೀಗರು ಎದ್ದು ನಿಂತರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

“ಈ ಹೆಸರಿನಾಕಿನ್ನ ನಾ ತಿಂದೀನಿ,” ಅಂದ ಅಪ್ಪ.

ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ. ಗೋದಾ ಎಂದರೆ ಪಲ್ಟಣದಲ್ಲಿ ಅವನು ಸಾಕಿದ ಹೇಸರಗತ್ತೆ. ಕುಟ್ ಎಂಬ ಊರಿನಲ್ಲಿ ಐದು ತಿಂಗಳು ವೈರಿಯ ಮುತ್ತಿಗೆ. ಕಾಳು ಮುಗಿದು, ಕುದುರೆ, ಹೇಸರಗತ್ತೆಗಳನ್ನೇ ಕಡಿಯಲು ಹುಕುಂ ಬಂತು. ಗೋದಾ ಕಡಿಯುವವರ ಹತ್ತಿರ ಸುಳಿಯಲಿಲ್ಲ, ಹಗ್ಗಕ್ಕೂ ಜಗ್ಗಲಿಲ್ಲ.

“ನನಗ ಕರೀ ಅಂದ್ರು. ಹೆಸರ ಹಿಡದು ಕರದೆ. ಬೆಲ್ಲ ಕೊಡ್ತೇನಂತ ತಿಳಕೊಂಡು ಓಡಿ ಬಂತು.”

ಹಸಿವು ರುಚಿ ಅರಿಯದು ಎಂದು ಯಾರೋ ಹಿರಿಯರು ಸಮಾಧಾನ ಹೇಳಲು ಬಂದರು. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರೆ ಹೆಸರಿಡೋಣ ಎಂದು ಅತ್ತೆಯೇ ಮೆತ್ತಗೆ ಅಂದರು. ನನಗೇನಾಯಿತೋ, ಮಡಿಲಿನ ಅಕ್ಕಿಯನ್ನು ತಾಟಿಗೆ ಸುರಿದು, “ಅದೇ ಹೆಸರ ಇರ್ಲಿ ಬಿಡ್ರಿ,” ಎಂದೆ. ಅಪ್ಪ ಕರೆಯಬೇಕು, ನಾನು ಓಡಿ ಬರಬೇಕು, ಬಂದರೂ ಏನೂ ಆಗುವುದಿಲ್ಲ ಎಂದು ಅವನು ಕಣ್ಣಾರೆ ಕಾಣಬೇಕು ಎಂಬ ಹಟ ನನಗೆ.

ಹಟ ನನ್ನದಾದರೂ ಗೆದ್ದವನು ಅವನೇ. ಮುಂದೆ ಐದು ವರ್ಷ ತವರಿಗೆ ಹೋದಾಗಲೆಲ್ಲ ಅದೇ ಚಪ್ಪಾಳೆ. ಸಿಟ್ಟು ಬರುತ್ತಿತ್ತು, ಹಿತ್ತಲಿಗೆ ಹೋಗಿ ಅಳುತ್ತಿದ್ದೆ.

ನಲವತ್ಮೂರರ ಬೇಸಿಗೆಯಲ್ಲಿ ಅಪ್ಪ ಜ್ವರ ಹಿಡಿದು ಮಲಗಿದ. ಅವ್ವನ ನೆರವಿಗೆಂದು ಬಂದಿದ್ದ ನಾನು ಮಧ್ಯಾಹ್ನ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದೆ. ಅವನ ಧ್ವನಿ ಕೇಳಿತು, “ಗೋದಾ.”

ಸೌಟು ಅಲ್ಲೇ ಬಿಟ್ಟು ಓಡಿದೆ. ಹೊಸ್ತಿಲು ದಾಟುವಷ್ಟರಲ್ಲಿ ಅಪ್ಪ ನನ್ನನ್ನೇ ನೋಡುತ್ತ ಬೇಡ ಬೇಡವೆಂದು ಕೈ ಆಡಿಸಿದ.

“ಗೋದಾ, ಬರಬ್ಯಾಡವಾ. ನಾ ಕರದ್ರೂ ಬರಬ್ಯಾಡ.”

ನಾನು “ಓ” ಎಂದೆ. ಹೋಗಿ ಅವನ ಪಕ್ಕದಲ್ಲಿ ಕೂತೆ.