ಬೆಳಕಿನ ಕಡೆಗೆ ಹಿಂದೆ ಸರಿಯುವ ಮುನಿತಾಯಮ್ಮ

ಬಸವೇಶ್ವರನಗರಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಲ್ಲೊಂದು ಇಲ್ಲೊಂದು ಎದ್ದಿರುವ ಹೊಸ ಮನೆಗಳ ನಡುವೆ ಖಾಲಿ ಸೈಟುಗಳು, ಅವುಗಳ ತುಂಬ ಮಂಜು. ಅಂಥ ಒಂದು ಮನೆಯ ಹಾಲಿನಲ್ಲಿ ಮುನಿತಾಯಮ್ಮ ಮಂಡಿಯೂರಿ ಕೂತು, ಹಳೇ ಪಂಚೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಕೆಂಪು ನೆಲಕ್ಕೆ ಬಳಿಯುತ್ತಿದ್ದಾರೆ. ಕೊಬ್ಬರಿ ಎಣ್ಣೆಯಲ್ಲಿ ಜೇನುಮೇಣ ಕರಗಿಸಿದ್ದು ಅದು, ಇನ್ನೂ ಉಗುರುಬೆಚ್ಚಗಿದೆ. ಜನ ಬಂದು ಸೇರದ ಮನೆಗೆ ಆಗಲೇ ಹಬ್ಬದ ಅಡುಗೆಮನೆಯ ವಾಸನೆ ಬಂದುಬಿಟ್ಟಿದೆ. ಕೈ ಎಡದಿಂದ ಬಲಕ್ಕೆ ಕಮಾನಿನಂತೆ ಹೋಗುತ್ತದೆ, ಮಂಡಿ ಒಂದು ಗೇಣು ಹಿಂದಕ್ಕೆ ಸರಿಯುತ್ತದೆ. ಮತ್ತೆ ಕೈ, ಮತ್ತೆ ಮಂಡಿ. ಬಾಯಲ್ಲಿ ಪದವಿಲ್ಲದ ಯಾವುದೋ ರಾಗ.

ಇವತ್ತು ಅವರಿಗೆ ಆತುರ. ಮಧ್ಯಾಹ್ನ ಲಗ್ಗೆರೆಯ ಅವರ ಮನೆಗೆ ಕೆಂಗೇರಿಯಿಂದ ಪಟಾಲಮ್ಮ ಎಂಬಾಕೆ ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬರುತ್ತಾರೆ. ಹೆಣ್ಣು ಅಂದರೆ ಮುನಿತಾಯಮ್ಮನ ಒಬ್ಬಳೇ ಮಗಳು ಪುಟ್ಟಲಕ್ಷ್ಮಿ. ಹಿಂದೆ ಬಂದ ಸಂಬಂಧಗಳು ಒಂದಲ್ಲ ಒಂದು ನೆಪಕ್ಕೆ ಮುರಿದುಬಿದ್ದಿವೆ. ಬಂದ ಹೆಂಗಸಿಗೆ ಅರಿಸಿನ ಕುಂಕುಮ ಕೊಡಲು ಹೆತ್ತತಾಯಿ ಬಾಗಿಲಲ್ಲಿ ಇಲ್ಲದಿದ್ದರೆ ಇದೂ ಮುರಿದಂತೆಯೇ ಲೆಕ್ಕ. ಅದಕ್ಕೇ ಬಿಸಿಲೇರಿದ ಮೇಲೆ ಬರುವವರು ಇವತ್ತು ನಕ್ಷತ್ರ ಮಾಸುವ ಮೊದಲೇ ಬಂದಿದ್ದಾರೆ.

ಈ ಕೆಲಸ ನಾಳೆಗಿರಲಿ ಎನ್ನೋಣವೆಂದರೆ ನಾಳಿದ್ದೇ ಗೃಹಪ್ರವೇಶ, ಅದರ ಸಾಮಾನು ನಾಳೆ ಬೆಳಿಗ್ಗೆಯೇ ಒಳಗೆ ಬರುತ್ತದೆ. ಗಾರೆಯವನು ಕೆಂಪು ಸಿಮೆಂಟು ಹಾಕಿ ಹೋದ ಮೇಲೆ ಈ ನೆಲವನ್ನು ಹೊಳೆಗಲ್ಲಿನಿಂದ ಉಜ್ಜಿ ಉಜ್ಜಿ ನುಣುಪು ಮಾಡಿದ್ದು ಮುನಿತಾಯಮ್ಮ. ಆಮೇಲೆ ಸುತ್ತ ಮಣ್ಣಿನ ಏರಿ ಕಟ್ಟಿ ನೀರು ನಿಲ್ಲಿಸಿದ್ದೂ ಅವರೇ. ನೀರಾರಿ ನೆಲ ಒಣಗಿದೆ, ಇನ್ನು ಉಳಿದಿರುವುದು ಮೊದಲನೇ ಸಲದ ಈ ಎಣ್ಣೆ. ನೆಲ ಅದನ್ನು ಕುಡಿದು ಮುಗಿಸುವ ತನಕ ನರಪಿಳ್ಳೆಯೂ ಕಾಲಿಡುವಂತಿಲ್ಲ. ಇಟ್ಟರೆ ಆ ಹೆಜ್ಜೆ ಹೊಳಪಿನೊಳಗೆ ಸೇರಿಕೊಂಡು ಮನೆ ಇರುವ ತನಕ ಇರುತ್ತದೆ. ನಾಳಿದ್ದು ಹಸುವನ್ನೇ ಒಳಗೆ ನುಗ್ಗಿಸುತ್ತಾರಲ್ಲ ಎಂದು ಯಾರಾದರೂ ಕೇಳಿದರೆ ಅವರಿಗೆ ನಗು ಬರುತ್ತದೆ. ನಾಳಿದ್ದು ಬೇಕಾದರೆ ಆನೆ ಬರಲಿ ಎನ್ನುತ್ತಾರೆ.

ರಾಜಾಜಿನಗರದಿಂದ ವಿಜಯನಗರದವರೆಗೆ ಅವರ ಕೈ ಓಡಾಡದ ಬೀದಿ ಕಡಿಮೆ. ಈಗ ಅನುಕೂಲಸ್ಥರೆಲ್ಲ ಮೊಸಾಯಿಕ್ ಹಾಕಿಸುತ್ತಿದ್ದಾರೆ. ಮುನಿತಾಯಮ್ಮನ ಪ್ರಕಾರ ಅದು ಬಿಂಕದ ನೆಲ, ತೊಳೆಯುವ ನೀರಿಗೆ ಸೋಡಾ ತುಸು ಹೆಚ್ಚಾದರೂ ಮುಖ ಬಾಡಿಸಿಕೊಳ್ಳುತ್ತದೆ. ಹೋಟೆಲಿನ ಅಡುಗೆಮನೆಗಳ ಕಡಪ ಕಲ್ಲು ಒರಟು, ನಾರು ಹಿಡಿದು ಎಷ್ಟು ತಿಕ್ಕಿದರೂ ಬೇಜಾರಿಲ್ಲ. ಕೆಂಪು ನೆಲ ಮಾತ್ರ ಮಗುವಿನ ಮೈ, ವರ್ಷಗಟ್ಟಲೆ ಎಣ್ಣೆ ಉಣ್ಣಿಸಿದಷ್ಟೂ ಬಣ್ಣ ಏರುತ್ತದೆ. ಇಷ್ಟೆಲ್ಲ ನೆಲಗಳನ್ನು ಸಾಕುವ ಮುನಿತಾಯಮ್ಮನ ಸ್ವಂತ ಮನೆಯದು ಸಗಣಿ ಸಾರಿಸಿದ ಮಣ್ಣಿನ ನೆಲ. ಕೆಲಸವನ್ನು ಅವರು ಕಲಿತದ್ದೂ ಅಂಥ ನೆಲದ ಮೇಲೆಯೇ, ಅವ್ವನ ಪಕ್ಕ ಕೂತು. ಮೂಲೆಯಿಂದ ಶುರುಮಾಡು, ಬೆಳಕಿನ ಕಡೆಗೆ ಹಿಂದೆ ಸರಿ ಎಂದು ಅವ್ವ ಹೇಳಿಕೊಟ್ಟಿದ್ದರಂತೆ.

ಅಲ್ಲೇ ಇವತ್ತು ಎಡವಟ್ಟಾಗುವುದು. ಅವ್ವನ ಮನೆಗೆ ಕಿಟಕಿ ಇರಲಿಲ್ಲ, ಲಗ್ಗೆರೆಯ ಮನೆಗೂ ಇಲ್ಲ. ಬೆಳಕು ಬಂದರೆ ಬಾಗಿಲಿನಿಂದಲೇ ಬರಬೇಕು. ಬೆನ್ನಿಗೆ ಬೆಳಕು ತಾಗಿತೆಂದರೆ ಹಿಂದೆ ಬಾಗಿಲಿದೆ ಎಂದು ಆ ಮೈ ನಂಬಿಕೊಂಡುಬಿಟ್ಟಿದೆ. ಹೊಸ ಮನೆಗಳಲ್ಲೂ ಧೂಳು ಕೂರಬಾರದೆಂದು ಎಣ್ಣೆ ಹಾಕುವ ಮುಂಚೆ ಕಿಟಕಿಗಳನ್ನೆಲ್ಲ ಮುಚ್ಚುವುದರಿಂದ ಈವರೆಗೆ ತೊಂದರೆಯಾಗಿರಲಿಲ್ಲ. ಇವತ್ತು ಮೂಡಣ ಕಿಟಕಿಯ ಕದಗಳು ಬಡಗಿಯ ಹತ್ತಿರ ಹೋಗಿವೆ, ಕಿಟಕಿ ತೆರೆದೇ ಇದೆ. ಬಾಗಿಲು ಪಡುವಣಕ್ಕಿದೆ, ಅಲ್ಲಿನ್ನೂ ಕತ್ತಲು. ಕಣ್ಣು ನೆಲದ ಮೇಲೆ, ಮನಸ್ಸು ಮಗಳಿಗೆ ಯಾವ ಸೀರೆ ಉಡಿಸುವುದೆಂಬುದರ ಮೇಲೆ. ಬೆನ್ನ ಹಿಂದೆ ಬೆಳಕು ಮೆಲ್ಲಗೆ ಅರಳುತ್ತಿದೆ, ಮುನಿತಾಯಮ್ಮ ರಾಗವೆಳೆಯುತ್ತ ಅದರತ್ತ ಸರಿಯುತ್ತಿದ್ದಾರೆ. ಕೊನೆಗೆ ಅಂಗಾಲಿಗೆ ತಣ್ಣನೆಯ ಗೋಡೆ ತಾಗುತ್ತದೆ.

ತಿರುಗಿ ನೋಡಿದರೆ ಕಿಟಕಿ, ಕಿಟಕಿಗೆ ಕಬ್ಬಿಣದ ಸರಳು. ಮುಂದೆ ನೋಡಿದರೆ ಗೋಡೆಯಿಂದ ಗೋಡೆಗೆ ಒದ್ದೆ ನೆಲ, ಅದರಾಚೆ ದೂರದಲ್ಲಿ ಬಾಗಿಲು. ನೆಲ ಎಣ್ಣೆ ಕುಡಿದು ಮುಗಿಸುವ ಹೊತ್ತಿಗೆ ಸಂಜೆಯಾಗುತ್ತದೆ. ಇಷ್ಟು ವರ್ಷದ ಕೆಲಸದಲ್ಲಿ ಎಂದೂ ಆಗದ್ದು ಈ ದಿನವೇ ಆಗಬೇಕೆ? ಅವರಿಗೆ ಅಳುವೇ ಬಂದುಬಿಡುತ್ತದೆ.

ತಾವೀಗ ಇರುವ ಬಾಡಿಗೆ ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಮನೆಯೊಡತಿ ಅನಂತಲಕ್ಷ್ಮಿ ಬರುವ ಹೊತ್ತಿಗೆ ಮುನಿತಾಯಮ್ಮ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತಿದ್ದಾರೆ. ಅನಂತಲಕ್ಷ್ಮಿ ರಾಜಾಜಿನಗರದ ಶಾಲೆಯೊಂದರಲ್ಲಿ ಟೀಚರು. ಹೆಣ್ಣು ನೋಡುವ ವಿಷಯ ಅವರಿಗೂ ಗೊತ್ತು. ಸ್ಕೂಟರ್ ನಿಲ್ಲಿಸಿ ಹಿಂದೆಯೇ ಬಂದ ಗಂಡ ಜಗನ್ನಾಥ, ಹಲಗೆ ಹಾಸಿ ಈಚೆಗೆ ಕರೆತರಬಹುದಲ್ಲ ಎನ್ನುತ್ತಾರೆ. ಹಲಗೆಯ ಗುರುತೂ ಗುರುತೇ ಎಂದು ಮೂಲೆಯಿಂದ ಉತ್ತರ ಬರುತ್ತದೆ.

“ನಡ್ಕೊಂಡು ಬಂದ್ಬಿಡು ಮುನಿತಾಯಮ್ಮ,” ಎನ್ನುತ್ತಾರೆ ಅನಂತಲಕ್ಷ್ಮಿ. “ಮಗಳ ಮದುವೆಗಿಂತ ಹೆಚ್ಚಾ ಈ ನೆಲ? ಹೆಜ್ಜೆ ಬಿದ್ರೆ ಬೀಳ್ಲಿ, ಮೇಲೊಂದು ಜಮಖಾನ ಹಾಸ್ತೀನಿ.”

ಮುನಿತಾಯಮ್ಮ ಎದ್ದು ನಿಲ್ಲುತ್ತಾರೆ. ಒಂದು ಪಾದ ಎತ್ತುತ್ತಾರೆ. ಮಗಳು ಜಡೆಗೆ ಹೂ ಮುಡಿದು ಅವ್ವನ ದಾರಿ ನೋಡುತ್ತಿರುವುದು ಕಣ್ಣಿಗೆ ಕಟ್ಟುತ್ತದೆ. ಎತ್ತಿದ ಪಾದ ಗಾಳಿಯಲ್ಲೇ ನಿಂತು, ಹೊರಟ ಜಾಗಕ್ಕೇ ವಾಪಸಾಗುತ್ತದೆ.

“ಜಮಖಾನದ ಅಡೀಲಿದ್ರೂ ನಂಗೆ ಕಾಣ್ತದೆ ಅಮ್ಮಾವ್ರೇ. ಈ ಬೀದೀಲಿ ಓಡಾಡೋವಾಗೆಲ್ಲ ಕಾಣ್ತದೆ,” ಎಂದು ಅವರು ಕೂತುಬಿಡುತ್ತಾರೆ.

ಜಗನ್ನಾಥ ಲಗ್ಗೆರೆಗೆ ಸುದ್ದಿ ಮುಟ್ಟಿಸಲು ಸ್ಕೂಟರ್ ಹತ್ತುತ್ತಾರೆ. ಅನಂತಲಕ್ಷ್ಮಿ ಮನೆಯನ್ನು ಹೊರಗಿನಿಂದ ಸುತ್ತಿ ಬಂದು, ಕಿಟಕಿಯ ಸರಳುಗಳ ನಡುವೆ ಲೋಟ ತೂರಿಸಿ ಕಾಫಿ ಕೊಡುತ್ತಾರೆ. ಮನೆಯೊಡತಿ ಬಿಸಿಲಲ್ಲಿ ಹೊರಗೆ, ಮುನಿತಾಯಮ್ಮ ಹಾಲಿನಲ್ಲಿ ಒಳಗೆ. ಇಬ್ಬರಿಗೂ ಅದು ಹೊಳೆದು ಇಬ್ಬರೂ ಕೊಂಚ ನಗುತ್ತಾರೆ.

ಬಿಸಿಲೇರುತ್ತದೆ. ಮಾಡಲು ಕೆಲಸವಿಲ್ಲದೆ ಕೂರುವುದು ಮುನಿತಾಯಮ್ಮನಿಗೆ ರೂಢಿಯಿಲ್ಲ. ಸ್ವಲ್ಪ ಹೊತ್ತು ಕೈ ಚಡಪಡಿಸುತ್ತದೆ, ಆಮೇಲೆ ಅದೂ ಸುಮ್ಮನಾಗುತ್ತದೆ. ಎಷ್ಟೋ ಹಾಲುಗಳನ್ನು ಅವರು ಮಿಂಚಿಸಿದ್ದಾರೆ, ಆದರೆ ಅವರು ಕಂಡದ್ದು ಯಾವಾಗಲೂ ಮುಖದಡಿಯ ಒಂದು ಮೊಳ ನೆಲವನ್ನು ಮಾತ್ರ. ಕೆಲಸ ಮುಗಿದರೆ ಬಕೆಟ್ ಎತ್ತಿಕೊಂಡು ಹಿತ್ತಿಲಿಗೆ ಹೋಗುವುದೇ ಪದ್ಧತಿ. ಹೊಳೆಯುವ ನೆಲದ ಮೇಲೆ ಹೀಗೆ ಗೋಡೆಗೊರಗಿ ಕೂತದ್ದು ಇದೇ ಮೊದಲು. ಸರಳಿನ ನೆರಳು ಉದ್ದಕ್ಕೆ ಮಲಗಿದೆ. ಹೊರಗೆ ಗಿಳಿಗಳು ಹಾರಿದರೆ ಒಳಗೆ ನೆಲದಡಿಯಲ್ಲೂ ಹಾರುತ್ತವೆ. ಅವರ ಪಾದದ ಹತ್ತಿರವೇ ಒಂದು ತುಂಡು ಆಕಾಶ ಬಂದು ತಣ್ಣಗೆ ನಿಂತಿದೆ, ಕೈಯಿಟ್ಟರೆ ಒದ್ದೆಯಾದೀತು ಎನ್ನುವಂತೆ. ಮಗಳ ಚಿಂತೆಯ ನಡುವೆಯೂ ಅವರಿಗೆ ಸುಖವಾಗುತ್ತದೆ, ಸುಖವಾಯಿತಲ್ಲ ಎಂದು ನಾಚಿಕೆಯೂ ಆಗುತ್ತದೆ.

“ಈ ಮನೇಲಿರೋರಿಗೆ ದಿನಾ ಹಿಂಗೇ ಕಾಣ್ತದಾ?” ಎಂದು ಕಿಟಕಿಯಾಚೆಗೆ ಕೇಳುತ್ತಾರೆ. ದಿನಾ ನೋಡೋರಿಗೆ ಕಾಣಲ್ಲವೇನೋ ಎನ್ನುತ್ತಾರೆ ಅನಂತಲಕ್ಷ್ಮಿ.

ಹೊತ್ತು ನೆತ್ತಿಯಿಂದ ವಾಲಿದಾಗ ಮನೆಯೆದುರು ಜಟಕಾ ನಿಲ್ಲುತ್ತದೆ. ಮೊದಲು ಇಳಿಯುವುದು ಮುನಿತಾಯಮ್ಮನ ಗಂಡ ಬೆಟ್ಟಯ್ಯ, ಮುಖ ಸಪ್ಪಗಿದೆ. ಹಿಂದೆಯೇ ಕಾಸಗಲ ಕುಂಕುಮದ, ಗಟ್ಟಿಮೈಯ ಹೆಂಗಸೊಬ್ಬರು. ಅವರೇ ಪಟಾಲಮ್ಮ. ಹೆತ್ತವಳೇ ಇಲ್ಲದ ಮನೆಯಲ್ಲಿ ತಾಂಬೂಲ ಹೇಗೆ ಮುಟ್ಟಲಿ, ಅದೆಂಥ ನೆಲವೋ ಒಮ್ಮೆ ನೋಡಿಯೇ ಬಿಡುತ್ತೇನೆ ಎಂದು ಹೊರಟು ಬಂದಿದ್ದಾರೆ. ಹುಡುಗ ಲಗ್ಗೆರೆಯಲ್ಲೇ ಉಳಿದಿದ್ದಾನಂತೆ. ಪುಟ್ಟಲಕ್ಷ್ಮಿ ಬೋಂಡ ಬಡಿಸುತ್ತಿರುವಾಗ ಅವನಿಗೆ ಏಳುವ ಆತುರವೇನೂ ಇದ್ದಂತಿರಲಿಲ್ಲ.

ಪಟಾಲಮ್ಮ ಚಪ್ಪಲಿ ಬಿಟ್ಟು ಹೊಸಿಲಿನ ಈಚೆಗೇ ನಿಲ್ಲುತ್ತಾರೆ. ನೆಲ ನೋಡುತ್ತಾರೆ. ಆಚೆ ಮೂಲೆಯಲ್ಲಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ದೂರದಿಂದಲೇ ಕೈಮುಗಿದ ಹೆಂಗಸನ್ನು ನೋಡುತ್ತಾರೆ. ಆಮೇಲೆ ಆಕೆಯ ಬೆನ್ನ ಹಿಂದಿನ ಕಿಟಕಿ ನೋಡುತ್ತಾರೆ, ಬಹಳ ಹೊತ್ತು. ಬೆಟ್ಟಯ್ಯ ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದರೆ ಕೈಯೆತ್ತಿ ತಡೆಯುತ್ತಾರೆ.

“ನಿಮ್ಮ ತವರ್ಮನೇಗೂ ಕಿಟ್ಕಿ ಇರ್ಲಿಲ್ವಾ ಬೀಗರೇ?” ಎಂದು ಕೇಳುತ್ತಾರೆ.

ಬೀಗರೇ ಎಂಬ ಮಾತು ಆ ಖಾಲಿ ಹಾಲಿನಲ್ಲಿ ತೇಲಿಕೊಂಡು ಮೂಲೆಗೆ ಹೋಗುತ್ತದೆ. ಇರಲಿಲ್ಲ ಎಂದು ಮುನಿತಾಯಮ್ಮ ತಲೆಯಾಡಿಸುತ್ತಾರೆ. ಪಟಾಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಗತೊಡಗುತ್ತಾರೆ. ಅಂಥ ಮನೆಯಲ್ಲೇ ಬೆಳೆದ ಅವರೂ ಒಮ್ಮೆ ಕೆಂಗೇರಿಯ ಶಾಲೆಯ ಹೊಸ ಕೋಣೆಗೆ ಸಗಣಿ ಸಾರಿಸುತ್ತ, ಬೆಳಕು ನಂಬಿ ಕಿಟಕಿಯಡಿಗೆ ಹೋಗಿ ಸಿಕ್ಕಿಕೊಂಡಿದ್ದರಂತೆ. ಹಾಗೇಕೆ ಆಯಿತೆಂದು ಮೇಷ್ಟ್ರಿಗೆ, ಮಕ್ಕಳಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲವಂತೆ. ಇಂಥ ಮನೆಯ ಹೆಣ್ಣು ನಮ್ಮ ಮನೆಗೆ ಬಂದರೆ ನೆಲದ ಚಿಂತೆ ತಪ್ಪಿತು ಎಂದು ಬೆಟ್ಟಯ್ಯನಿಗೆ ಹೇಳಿ, ಜಗಲಿಯ ಮೇಲೆ ಅಲ್ಲಾಡದಂತೆ ಕೂರುತ್ತಾರೆ. ಅರಿಸಿನ ಕುಂಕುಮ ಕೊಡುವ ಕೈ ಈಚೆಗೆ ಬರುವ ತನಕ ಹೋಗುವುದಿಲ್ಲವಂತೆ.

ಸಂಜೆ ಎಣ್ಣೆ ಪೂರ್ತಿ ಇಂಗುತ್ತದೆ. ಮುನಿತಾಯಮ್ಮ ಬೆರಳಿಟ್ಟು ನೋಡಿ, ಬೆರಳು ಮೂಸಿ, ಮೂಲೆಯಿಂದ ಬಾಗಿಲಿಗೆ ನಡೆಯುತ್ತಾರೆ. ಹಿಂದೆ ಒಂದು ಗುರುತೂ ಉಳಿಯುವುದಿಲ್ಲ. ಮನೆಯವರಿಗಿಂತ, ಹಸುವಿಗಿಂತ ಮೊದಲು ಆ ನೆಲದ ಮೇಲೆ ನಡೆದವರು ಅವರು. ಅನಂತಲಕ್ಷ್ಮಿ ಕೊಟ್ಟ ಬಟ್ಟಲು ಹಿಡಿದು ಬೀಗಿತ್ತಿಯ ಹಣೆಗೆ ಕುಂಕುಮವಿಡುತ್ತಾರೆ.

ಜಟಕಾ ಹತ್ತುವ ಮುಂಚೆ, ಮಗಳಿಗೆ ಏನು ಸಿಕ್ಕರೆ ನಿನಗೆ ಸಮಾಧಾನ ಎಂದು ಅನಂತಲಕ್ಷ್ಮಿ ಕೇಳಿದರೆ ಅವರು ಚಿನ್ನ ಬೆಳ್ಳಿಯ ಮಾತೆತ್ತುವುದಿಲ್ಲ.

“ಅಳಿಯಂದ್ರು ಮನೆ ಕಟ್ಟೋವಾಗ ಒಂದು ಕಿಟ್ಕಿ ಇಡ್ಲಿ ಅಮ್ಮಾವ್ರೇ. ಎರಡು ಕಡೆಯಿಂದ ಬೆಳಕು ಬಂದ್ರೆ ಯಾವ ಕಡೆಗೆ ಹಿಂದೆ ಸರೀಬೇಕು ಅಂತ ನಂಗೆ ತಿಳೀಲಿಲ್ಲ. ನನ್ ಮಗಳು ಕಲ್ತ್ಕೊಳ್ಳಲಿ.”