ಪ್ರಭುರಾಜನ ಸಾಲಿಗೆ ಸಾಲು ಉತ್ತರ

ಕುಷ್ಟಗಿ ಕೋರ್ಟಿನ ಎದುರು ಇಪ್ಪತ್ತು ವರ್ಷ ಟೈಪು ಹೊಡೆದ ಪ್ರಭುರಾಜ, ಎದುರಾಳಿಯ ಒಂದು ಸಾಲನ್ನೂ ಉತ್ತರವಿಲ್ಲದೆ ಬಿಟ್ಟ ವೀರನಲ್ಲ. ವಾದಿಯ ಪ್ಯಾರಾ ಒಂದಕ್ಕೆ ಒಂದು, ಎರಡಕ್ಕೆ ಎರಡು. ಮನೆಯಲ್ಲೂ ಅದೇ ಶಿಸ್ತು. "ಉಪ್ಪು ತರ್ರಿ, ಬಾಗಲಾ ಹಾಕ್ರಿ" ಎಂದು ಹೆಂಡತಿ ಹೇಳಿದರೆ ಎರಡಕ್ಕೂ ಕ್ರಮವಾಗಿ ಉತ್ತರ ಬರುತ್ತಿತ್ತು, ಉಪ್ಪು ಬರುತ್ತಿರಲಿಲ್ಲ.

೨೦೦೩ರಲ್ಲಿ ಕಂಪ್ಯೂಟರ್ ಬಂತು, ಇ-ಮೇಲ್ ಎಂಬ ಹೊಸ ರಣರಂಗ ಸಿಕ್ಕಿತು. ಬಂದ ಪತ್ರವನ್ನು ನೋಟ್‌ಪ್ಯಾಡಿಗೆ ಇಳಿಸಿ, ಬರೆದವರ ಪ್ರತಿ ಸಾಲಿನ ಮುಂದೆ ಬಾಣದ ಮೊನೆಯಂಥ ಗುರುತನ್ನು ಕೈಯಾರೆ ಒತ್ತಿ, ಕೆಳಗೆ ತನ್ನ ಉತ್ತರ ಕೂರಿಸುತ್ತಿದ್ದ.

ಅದೇ ವರ್ಷ ಅಕ್ಕನ ಮಗಳು ಲಲಿತಾಳಿಗೆ ಗಂಗಾವತಿಯ ಅಕ್ಕಿ ವ್ಯಾಪಾರಿ ವಿರುಪಣ್ಣನ ಮನೆಯಿಂದ ಸಂಬಂಧ ಬಂತು. ವಿರುಪಣ್ಣ ಇಂಟರ್‌ನೆಟ್ ಅಂಗಡಿಯಲ್ಲಿ ಮೇಲ್ ಬರೆಸಿದ್ದ: ನಾಲ್ಕು ತಲೆಮಾರಿನ ಮನೆತನದ ವರ್ಣನೆ, ಕೊನೆಗೆ ಒಂದೇ ಪ್ರಶ್ನೆ. ಹುಡುಗಿ ಶಾಲೆಯ ನೌಕರಿ ಬಿಡುತ್ತಾಳೋ ಇಲ್ಲವೋ?

"ಮಾಮಾ, ಆ ಪುರಾಣ ಎಲ್ಲಾ ತಗದು ಉತ್ತರ ಅಷ್ಟ ಕಳಸ್ರಿ," ಎಂದಳು ಲಲಿತಾ.

"ಅವರ ಮಾತು ಅವರ ಮುಂದ ಇರಬೇಕವ್ವಾ. ನಾಳೆ ನಾ ಕೇಳೇ ಇಲ್ಲ ಅಂದ್ರ?"

ಇಡೀ ಪುರಾಣ ಬಾಣಗಳ ಸಮೇತ, ತುದಿಯ ಪ್ರಶ್ನೆಯ ಕೆಳಗೆ ಒಂದೇ ಉತ್ತರ ಹೊತ್ತು ಹೋಯಿತು. ಆಮೇಲೆ ಪ್ರಭುರಾಜನಿಗೆ ಕೂತಲ್ಲಿ ಕೂರಲಾಗಲಿಲ್ಲ. ದಿನಕ್ಕೆ ಆರು ಸಲ ಮೋಡೆಮ್ ಕಿರುಚಿಸಿ ನೋಡಿದ. ಮೇಲ್ ಇಲ್ಲ. ನಾಲ್ಕನೆಯ ದಿನ ವಿರುಪಣ್ಣನ ಫೋನೇ ಬಂತು.

"ನನ್ನ ಕಾಗದ ನನಗ ತಿರುಗಿ ಕಳಿಸೀರಲ್ರಿ! ಸಂಬಂಧ ಬ್ಯಾಡಾಗಿದ್ರ ಬಾಯಿಲೆ ಹೇಳಬೇಕಿತ್ತು. ಸಾಲಿಗೊಂದು ಗುರುತು ಬ್ಯಾರೆ! ನಾ ಏನು ಪರೀಕ್ಷಾ ಬರದಿದ್ನೇನ್ರಿ?"

ಇಂಟರ್‌ನೆಟ್ ಅಂಗಡಿಯವನು ಮೊದಲ ಪುಟವಷ್ಟೇ ಅಚ್ಚು ಹಾಕಿ ಕೊಟ್ಟಿದ್ದ. ಉತ್ತರ ಇದ್ದದ್ದು ಎರಡನೆಯದರಲ್ಲಿ. ಪ್ರಭುರಾಜ ಆ ಪುಟ ಹಿಡಿದು ಗಂಗಾವತಿ ಬಸ್ಸು ಹತ್ತಿದ. ತಾವರಗೇರಾ ದಾಟುವಾಗ ಅದನ್ನು ಮತ್ತೊಮ್ಮೆ ಓದಿದ. ಪುಟದಲ್ಲಿ ಲಲಿತಾ ಹೇಳಿ ಬರೆಸಿದ್ದು "ಬಿಡುವುದಿಲ್ಲ" ಎಂದು! ವಿರುಪಣ್ಣನ ಈವರೆಗಿನ ಸಿಟ್ಟು ತಪ್ಪು ತಿಳಿದು ಬಂದದ್ದು. ಈಗ ನಿಜವಾದ ಸಿಟ್ಟಿಗೆ ಕಾರಣವನ್ನು ತಾನೇ ಹೊತ್ತೊಯ್ಯುತ್ತಿದ್ದ. ಕಾಗದ ಮಡಚಿದ, ಬಿಚ್ಚಿದ, ಸೀಟು ಬದಲಿಸಿದ. ಆದರೂ ಹರಿದು ಒಗೆಯಲಿಲ್ಲ.

ವಿರುಪಣ್ಣ ಕನ್ನಡಕ ಏರಿಸಿ ಓದಿದ. "ಬಿಡೂದಿಲ್ಲ ಅಂದ್ರ ಬಿಡೂದ ಇಲ್ಲೇನು?"

"ಇಲ್ರಿ."

ವಿರುಪಣ್ಣ ಒಳಗೆ ತಿರುಗಿ ಕೂಗಿದ: "ಏ ಶಿವಬಸಮ್ಮಾ, ಹುಡುಗಿ ನೌಕರಿ ಬಿಡೂದಿಲ್ಲಂತ!"

"ಬಿಡಬ್ಯಾಡ ಅನ್ರಿ!" ಹೆಂಡತಿಯ ದನಿ ಅಡುಗೆಮನೆಯಿಂದ ಬಂತು. "ನಿಮ್ಮ ನಾಕು ತಲಿಮಾರಿನ ಕಥಿ ದಿನಾ ಕೇಳಾಕ ನಾ ಒಬ್ಬಾಕಿ ಸಾಕು."

ವಿರುಪಣ್ಣ ಕನ್ನಡಕ ಇಳಿಸಿದ. "ಕೈ ತೊಳಕೊಳ್ರಿ ಬೀಗರ," ಎಂದ, "ಊಟಕ್ಕ ಏಳೂಣು."