ಮ್ಯಾಂಗೋ ಪಲ್ಪ್ ಡಬ್ಬ, ಮಲ್ಲಿಗೆ ಗಂಟು

ಮೊನ್ನೆ ಶ್ರೀಖಂಡಕ್ಕೆಂದು ಮ್ಯಾಂಗೋ ಪಲ್ಪ್ ಡಬ್ಬ ತೆರೆದೆ. ಖಾಲಿಯಾದದ್ದನ್ನು ಮಗಳು ರಿಸೈಕಲ್ ಬುಟ್ಟಿಗೆ ಎಸೆಯಹೋದಾಗ ನನ್ನ ಕೈ ತಾನಾಗಿಯೇ ಅಡ್ಡ ಬಂತು. ನಗಬೇಡಿ. ಒಂದು ಕಾಲದಲ್ಲಿ ಇಂಥ ಡಬ್ಬಗಳಿಗಾಗಿ ಡೆಟ್ರಾಯಿಟ್ ಪಕ್ಕದ ನೋವೈ ಊರಿನಲ್ಲಿ ದೇವಸ್ಥಾನದ ಅಡುಗೆಮನೆ ಮುಂದೆ ಕಾದು ನಿಂತವನು ನಾನು.

ಆಗ ರಿಸೆಷನ್. ಕಾರಿನ ಬ್ರೇಕ್ ಡಿಸೈನ್ ಮಾಡುತ್ತಿದ್ದ ನನಗೂ, ಪಕ್ಕದ ಕ್ಯೂಬಿಕಲ್‌ನ ಘಾನಾದ ಕೋಫಿಗೂ ಒಂದೇ ದಿನ ಕೆಲಸ ಹೋಯಿತು. ನಾನು ಸೋಫಾ ಹಿಡಿದೆ. ಅವನು ಗರಾಜು ಹಿಡಿದ. ಡಬ್ಬದ ತಗಡು, ಬಾಟಲಿ ಮುಚ್ಚಳ, ಹಳೇ ಕಾರಿನ ತಂತಿ ಸೇರಿಸಿ ಗೋಡೆಯಗಲದ ಹೊದಿಕೆಯೊಂದನ್ನು ಮಾಡತೊಡಗಿದ. ಅವರ ಕಡೆಯ ಈಗಿನ ಕಲಾವಿದರು ಬಿಸಾಡಿದ ವಸ್ತುಗಳಿಂದಲೇ ದೊಡ್ಡ ದೊಡ್ಡ ಕೃತಿ ಮಾಡುತ್ತಾರಂತೆ. ನನಗೇನೋ ಗುಜರಿ ಅಂಗಡಿಯೇ ಕಂಡಿತು.

"ರೀ, ಸೋಫಾದಲ್ಲಿ ನಿಮ್ಮ ಅಚ್ಚು ಬಿದ್ದಿದೆ. ಹೋಗಿ ಕೋಫಿಗಾದ್ರೂ ಹೆಲ್ಪ್ ಮಾಡಿ," ಎಂದು ಹೆಂಡತಿ ಹೊರದಬ್ಬಿದಳು.

ಹೋದ ದಿನವೇ ಅನಾಹುತ. ಬರುವ ಶನಿವಾರ ಡೆಟ್ರಾಯಿಟ್‌ನ ಖಾಲಿ ಅಂಗಡಿಯೊಂದರಲ್ಲಿ ಅವನ ಮೊದಲ ಪ್ರದರ್ಶನ. ಎತ್ತಿ ನೋಡೋಣವೆಂದು ಇಬ್ಬರೂ ಹೊದಿಕೆಗೆ ಕೈ ಹಾಕಿದರೆ ತಂತಿ ತುಂಡಾಗಿ, ಸಾಲುಸಾಲೇ ನೆಲಕ್ಕೆ ಸುರಿಯಿತು. ಕೋಫಿ ಅಲ್ಲೇ ಕುಸಿದು ಕೂತ. "ಆಫೀಸಿನವರು ನೀನು ಬೇಡ ಅಂದರು. ಇದೂ ಕೈಕೊಟ್ಟರೆ ನಾನು ಯಾರು?" ಎಂದ. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಗುಟ್ಟು ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಅಕ್ಕಂದಿರ ನಡುವೆ ಬೆಳೆದ ನಾನು ಮಲ್ಲಿಗೆ ಕಟ್ಟುವುದರಲ್ಲಿ ಎತ್ತಿದ ಕೈ. ಗೆಳೆಯರು "ಹೂ ಮಾರೋಳು" ಎಂದು ಗೇಲಿ ಮಾಡಿದ ಮೇಲೆ ಆ ವಿದ್ಯೆಯನ್ನು ಹೆಂಡತಿಗೂ ಹೇಳದೆ ಬಚ್ಚಿಟ್ಟಿದ್ದೆ. ಕೋಫಿ ತಗಡುಗಳನ್ನು ಪೋಣಿಸಿದ್ದ. ಪೋಣಿಸಿದ್ದು ಒಂದು ಕಡೆ ಹರಿದರೆ ಪೂರ್ತಿ ಉದುರುತ್ತದೆ. ಕಟ್ಟಿದ್ದು ಹಾಗಲ್ಲ. ಜೋಡಿಜೋಡಿಗೆ ಕುಣಿಕೆ ಹಾಕಿ ಬಿಗಿದರೆ ಒಂದು ಹೂ ಉದುರಿದರೂ ಪಕ್ಕದ್ದು ಅಲುಗದು. ತಂತಿ ಎತ್ತಿಕೊಂಡೆ. ಬೆರಳುಗಳು ಏನನ್ನೂ ಮರೆತಿರಲಿಲ್ಲ!

"ಇದನ್ನು ಯಾವ ಕಾಲೇಜಿನಲ್ಲಿ ಕಲಿತೆ?" ಎಂದ ಕೋಫಿ.

"ಅಕ್ಕಂದಿರ ಕಾಲೇಜು."

ವಾರವಿಡೀ ಕಟ್ಟಿದೆವು. ತಗಡು ಸಾಲದೆ ಹೋದಾಗ ದೇವಸ್ಥಾನದ ಅಡುಗೆಮನೆಯಿಂದ ಖಾಲಿ ಮಾವಿನ ಡಬ್ಬಗಳನ್ನು ತಂದೆ. ನೋಡಲು ಬಂದ ಹೆಂಡತಿ, "ಇಷ್ಟು ವರ್ಷ ಹಬ್ಬಕ್ಕೆಲ್ಲ ನಾನೊಬ್ಬಳೇ ಕಟ್ಟಿದ್ನಲ್ರೀ, ಕಳ್ಳರು ನೀವು!" ಎಂದು ಬೈದು, ತಾನೂ ಕೂತಳು. ಶನಿವಾರ ಹೊದಿಕೆಯನ್ನು ಗೋಡೆಗೇರಿಸಿದೆವು. ಒಂದು ತಗಡೂ ಬೀಳಲಿಲ್ಲ. ಮಾವಿನ ಡಬ್ಬದ ಹೊಂಬಣ್ಣದ ಒಳಮೈ ಜರಿ ಸೀರೆಯ ಹಾಗೆ ಹೊಳೆಯಿತು. ಕೋಫಿ ನನ್ನನ್ನು ಎತ್ತಿ ಗಿರ್ರನೆ ತಿರುಗಿಸಿ, "ಕಟ್ಟಿದವನು ಇವನು!" ಎಂದು ಬಂದವರಿಗೆಲ್ಲ ಕೂಗಿ ಹೇಳಿದ. ಬ್ರೇಕ್ ಡಿಸೈನ್ ಮಾಡಿದ್ದಕ್ಕೆ ಯಾರೂ ನನ್ನನ್ನು ಹಾಗೆ ಎತ್ತಿರಲಿಲ್ಲ. ಅಷ್ಟು ಸಂತೋಷ ನನಗೆ ಯಾವ ಪ್ರಮೋಷನ್ನಿನಲ್ಲೂ ಆಗಿರಲಿಲ್ಲ.

ಈಗ ನಾವು ಶಿಕಾಗೋ ಪಕ್ಕದ ಲೊಂಬಾರ್ಡ್‌ನಲ್ಲಿದ್ದೇವೆ. ಆ ಹೊದಿಕೆ ಈ ತಿಂಗಳು ಶಿಕಾಗೋದ ಗ್ಯಾಲರಿಯೊಂದಕ್ಕೆ ಬಂದಿದೆ. ಡಬ್ಬದ ನೆಪದಲ್ಲಿ ಮಗಳಿಗೆ ಕತೆಯೆಲ್ಲ ಹೇಳಿ, ನಿನ್ನೆ ಕರೆದುಕೊಂಡು ಹೋದೆ. ಮುಟ್ಟಬಾರದೆಂದು ಬೋರ್ಡ್ ಇತ್ತು. ಮುಟ್ಟಿದೆ. ಮೂಲೆಯ ಗಂಟನ್ನು ಎಳೆದೂ ನೋಡಿದೆ.

"ಅಪ್ಪಾ, ಡೋಂಟ್ ಟಚ್!" ಎಂದು ಮಗಳು ಚೀರಿದಳು. ಗಾರ್ಡ್ ಓಡಿ ಬಂದು, "ಯಾರು ನೀವು?" ಎಂದು ಗದರಿದ.

ಗಂಟು ಕೂದಲೆಳೆಯಷ್ಟೂ ಸಡಿಲಾಗಿರಲಿಲ್ಲ.

"ಹೂ ಕಟ್ಟುವವನು," ಎಂದೆ, ಇಡೀ ಗ್ಯಾಲರಿಗೆ ಕೇಳುವಂತೆ.